ಒಂದೂಕಾಲು ಸೆಕೆಂಡಿನ ಹಾಡು: ಗ್ರೈಂಡ್‌ಕೋರ್ ಹುಟ್ಟಿ ಬೆಳೆದ ಬಗೆ

ಈಗ ನಾನು ಹಾಕಿದ್ದು ಪೂರ್ತಿ ಹಾಡು. ಸ್ಪೀಕರ್ ಕೆಟ್ಟಿಲ್ಲ, ವೈರೂ ಕಿತ್ತು ಬಂದಿಲ್ಲ. ಹಾಡಿನ ಹೆಸರು ‘ಯೂ ಸಫರ್’. ಹಾಡಿದ ಬ್ಯಾಂಡು ನೇಪಾಮ್ ಡೆತ್. ಉದ್ದ 1.316 ಸೆಕೆಂಡು. ಜಗತ್ತಿನ ಅತಿ ಚಿಕ್ಕ ಹಾಡು ಎಂದು ಗಿನ್ನೆಸ್ ದಾಖಲೆಗೆ ಸೇರಿದೆ. ಅಷ್ಟರೊಳಗೂ ಸಾಹಿತ್ಯ ಇದೆ, ನಾಲ್ಕೇ ಪದ. ನರಳುತ್ತಿದ್ದೀಯಲ್ಲ, ಯಾಕೆ ಎಂದು ಕೇಳುವ ಒಂದು ಪ್ರಶ್ನೆ. ಉತ್ತರ ಹೇಳುವ ಗೋಜಿಗೆ ಅವರು ಹೋಗಿಲ್ಲ.

ಇದನ್ನು ಮೊದಲ ಸಲ ಕೇಳಿದವರು ನಗುತ್ತಾರೆ. ನಗಲಿ ಬಿಡಿ, ಮಾಡಿದವರೂ ಅರ್ಧ ತಮಾಷೆಗೇ ಮಾಡಿದ್ದು. ಇನ್ನರ್ಧ ಮಾತ್ರ ತಮಾಷೆಯಲ್ಲ. ಇವತ್ತು ಆ ಇನ್ನರ್ಧದ ಬಗ್ಗೆ ಮಾತಾಡೋಣ ಅಂತ ಬಂದಿದ್ದೇನೆ.

ಹೆವಿ ಮೆಟಲ್ ಎಂದ ಕೂಡಲೇ ನಮ್ಮಲ್ಲಿ ಜಾಸ್ತಿ ಜನರಿಗೆ ನೆನಪಾಗುವುದು ಉದ್ದ ಕೂದಲು, ಕಪ್ಪು ಟೀ ಶರ್ಟು, ತಲೆಬುರುಡೆ, ಸೈತಾನ. ಈಗ ಕೇಳಿದ ಹಾಡಿನ ಬಗೆಗೆ ಗ್ರೈಂಡ್‌ಕೋರ್ ಎಂದು ಹೆಸರು, ಅದು ಆ ಮರದ ತುತ್ತತುದಿಯ ಕೊಂಬೆ. ಹೊರಗೆ ನಿಂತು ಕೇಳಿದರೆ ಎಲ್ಲಕ್ಕಿಂತ ಹುಚ್ಚು ಗದ್ದಲ ಇದೇ. ಆದರೆ ಇಲ್ಲಿ ಸೈತಾನನಿಗೆ ಕೆಲಸವಿಲ್ಲ. ಇರುವುದು ಸಿಟ್ಟು. ಆ ಸಿಟ್ಟಿಗೆ ಒಂದು ವಿಳಾಸ ಇತ್ತು. ಯಾರ ಮೇಲೆ, ಯಾತಕ್ಕೆ ಅನ್ನೋದು ಹಾಡುವ ಹುಡುಗರಿಗೆ ಚೆನ್ನಾಗಿ ಗೊತ್ತಿತ್ತು. ವಿಳಾಸ ಸರಿಯಿದ್ದಾಗ ಈ ಸಂಗೀತ ಬದುಕಿದೆ, ತಪ್ಪಿದಾಗ ಬರೀ ಸದ್ದಾಗಿದೆ. ಇದು ನನ್ನ ಅಭಿಪ್ರಾಯ. ಒಪ್ಪದವರು ಕೊನೆಯಲ್ಲಿ ಜಗಳ ಆಡಬಹುದು.

ಊರು ಬರ್ಮಿಂಗ್‌ಹ್ಯಾಮ್, ಇಂಗ್ಲೆಂಡಿನ ನಡುಭಾಗದ ಕೈಗಾರಿಕಾ ನಗರ. ಬ್ಲ್ಯಾಕ್ ಸಬತ್ ಹುಟ್ಟಿದ್ದೂ ಇಲ್ಲೇ, ಆಸ್ಟನ್ ಬಡಾವಣೆಯಲ್ಲಿ. ಅವರ ಮೊದಲ ಆಲ್ಬಂ ಬಂದಿದ್ದು 1970ರ ಫೆಬ್ರವರಿ 13ರ ಶುಕ್ರವಾರ. ಅವರ ಗಿಟಾರಿಸ್ಟ್ ಟೋನಿ ಅಯೋಮಿ 17ನೇ ವಯಸ್ಸಿಗೆ ತಗಡಿನ ಕಾರ್ಖಾನೆಯಲ್ಲಿ ಯಂತ್ರಕ್ಕೆ ಸಿಕ್ಕಿ ಬಲಗೈಯ ಎರಡು ಬೆರಳಿನ ತುದಿ ಕಳೆದುಕೊಂಡಿದ್ದರು. ಪ್ಲಾಸ್ಟಿಕ್ ಕರಗಿಸಿ ಬೆರಳಿಗೆ ಟೋಪಿ ಮಾಡಿಕೊಂಡರು. ಮುಂದೆ ತಂತಿಯ ಬಿಗಿಯನ್ನೂ ಕಮ್ಮಿ ಮಾಡಿ ನುಡಿಸಿದರು. ಮೆಟಲ್‌ನ ಆ ಭಾರದ ಸದ್ದಿಗೆ ಇದೂ ಒಂದು ಕಾರಣ.

ಅಯೋಮಿ ಕಾಲದ ಹುಡುಗರ ಕಷ್ಟ ಏನೆಂದರೆ, ಬೆಳಿಗ್ಗೆ ಎದ್ದು ಕಾರ್ಖಾನೆಗೆ ಹೋಗಬೇಕಲ್ಲಪ್ಪಾ ಎನ್ನುವುದು. ಹದಿನೈದು ವರ್ಷದ ನಂತರದವರಿಗೆ ಹೋಗೋಣವೆಂದರೆ ಕಾರ್ಖಾನೆಯೇ ಬಾಗಿಲು ಹಾಕಿತ್ತು. 1979ರಲ್ಲಿ ಮಾರ್ಗರೆಟ್ ಥ್ಯಾಚರ್ ಪ್ರಧಾನಿಯಾದರು. 1982ರ ಶುರುವಿನಲ್ಲಿ ಬ್ರಿಟನ್ನಿನ ನಿರುದ್ಯೋಗಿಗಳ ಲೆಕ್ಕ 30 ಲಕ್ಷ ಮುಟ್ಟಿತು. 1983ರ ಕೊನೆಗೆ ಗ್ರೀನ್‌ಹ್ಯಾಮ್ ಕಾಮನ್ ವಾಯುನೆಲೆಗೆ ಅಮೆರಿಕದ ಅಣ್ವಸ್ತ್ರ ಕ್ಷಿಪಣಿಗಳು ಬಂದಿಳಿದವು. 1984ರಲ್ಲಿ ಶುರುವಾದ ಗಣಿ ಕಾರ್ಮಿಕರ ಮುಷ್ಕರ ಒಂದು ವರ್ಷ ಎಳೆದು, ಸೋತು ಮುಗಿಯಿತು. ಹದಿನಾರು ಹದಿನೇಳರ ಹುಡುಗನೊಬ್ಬ ಇದನ್ನೆಲ್ಲ ನೋಡುತ್ತಾ ಮನೆಯಲ್ಲಿ ಕೂತಿದ್ದಾನೆ ಅಂದುಕೊಳ್ಳಿ. ಕೈಯಲ್ಲಿ ಕೆಲಸವಿಲ್ಲ, ತಲೆಯ ಮೇಲೆ ಬಾಂಬಿನ ಭಯ.

ಇಂಥವರಿಗೆ ಮೊದಲು ಸಿಕ್ಕಿದ್ದು ಮೆಟಲ್ ಅಲ್ಲ, ಪಂಕ್, ಅಂದರೆ ಸರಳವಾಗಿ, ಒರಟಾಗಿ ನುಡಿಸುವ ಬಂಡಾಯದ ರಾಕ್. ಅದರಲ್ಲೂ ಕ್ರಾಸ್ ಎಂಬ ಬ್ಯಾಂಡಿನ ದಾರಿಯ ಪಂಕ್. ಕ್ರಾಸ್‌ನವರು ಯುದ್ಧ ಬೇಡ, ಸರ್ಕಾರ ಬೇಡ, ಮಾಂಸವೂ ಬೇಡ ಎನ್ನುವವರು. ಇದಕ್ಕಿಂತ ಜಾಸ್ತಿ ಕೊಡಬೇಡಿ ಎಂದು ರೆಕಾರ್ಡಿನ ಕವರಿನ ಮೇಲೇ ಬೆಲೆ ಅಚ್ಚು ಹಾಕಿಸುತ್ತಿದ್ದರು. ಇನ್ನೊಂದು ಕಡೆ ಸ್ಟೋಕ್-ಆನ್-ಟ್ರೆಂಟ್ ಊರಿನ ಡಿಸ್ಚಾರ್ಜ್ ಬ್ಯಾಂಡು ಇತ್ತು. ಅವರ 1982ರ ಆಲ್ಬಂನಲ್ಲಿ ಪಂಕಿನ ವೇಗವೂ ಮೆಟಲ್ಲಿನ ತೂಕವೂ ಒಟ್ಟಿಗೆ ಬಂದವು. ಸಾಹಿತ್ಯ ಒಂದೆರಡು ಸಾಲು, ಅದೂ ಅಣುಯುದ್ಧದ ಬಗ್ಗೆ. ಮುಂದೆ ಬಂದವರೆಲ್ಲ ಈ ಅಚ್ಚಿನ ಮೇಲೇ ಕೆಲಸ ಮಾಡಿದ್ದು.

ಬರ್ಮಿಂಗ್‌ಹ್ಯಾಮ್ ಮತ್ತು ಕೊವೆಂಟ್ರಿ ನಡುವೆ ಮೆರಿಡನ್ ಎಂಬ ಹಳ್ಳಿ ಇದೆ. ಇಂಗ್ಲೆಂಡಿನ ನಟ್ಟನಡು ಇದೇ ಎಂದು ಆ ಊರಿನವರು ಹಿಂದಿನಿಂದಲೂ ಹೇಳಿಕೊಂಡು ಬಂದಿದ್ದಾರೆ. 1981ರಲ್ಲಿ ಅಲ್ಲಿ ನಿಕ್ ಬುಲ್ಲನ್ ಮತ್ತು ಮೈಲ್ಸ್ ರಾಟ್ಲೆಜ್ ಎಂಬ ಇಬ್ಬರು ಶಾಲಾ ಹುಡುಗರು ಒಂದು ಬ್ಯಾಂಡು ಕಟ್ಟಿದರು. ಅದಕ್ಕೆ ನೇಪಾಮ್ ಡೆತ್ ಎಂದು ಹೆಸರಿಟ್ಟರು. ನೇಪಾಮ್ ಎಂದರೆ ವಿಯೆಟ್ನಾಂ ಯುದ್ಧದಲ್ಲಿ ಅಮೆರಿಕದವರು ಸುರಿದ ಬೆಂಕಿ ಬಾಂಬು. ಆಗ ಅವರದು ಕ್ರಾಸ್ ಥರದ ಪಂಕ್, ಅಷ್ಟೇನೂ ವೇಗವಿಲ್ಲ. 1984ರಲ್ಲಿ ಕ್ರಾಸ್‌ನವರೇ ತಂದ ಒಂದು ಸಂಗ್ರಹ ರೆಕಾರ್ಡಿನಲ್ಲಿ ಇವರದೂ ಒಂದು ಹಾಡು ಬಂತು. ಆಮೇಲೆ ಜಸ್ಟಿನ್ ಬ್ರಾಡ್ರಿಕ್ ಎಂಬ ಗಿಟಾರಿಸ್ಟ್ ಸೇರಿದ. 1985ರ ಕೊನೆಗೆ ಮಿಕ್ ಹ್ಯಾರಿಸ್ ಎಂಬ ಡ್ರಮ್ಮರ್ ಬಂದ. ಕತೆ ತಿರುಗುವುದು ಇಲ್ಲಿ.

ಜಾಗದ ಬಗ್ಗೆಯೂ ಒಂದು ಮಾತು. ಬರ್ಮಿಂಗ್‌ಹ್ಯಾಮಿನ ಸ್ಪಾರ್ಕ್‌ಹಿಲ್‌ನಲ್ಲಿ ಮರ್ಮೇಡ್ ಎಂಬ ಪಬ್ ಇತ್ತು. ಅದರ ಮಹಡಿಯ ಮೇಲಿನ ಕೋಣೆಯಲ್ಲಿ ವಾರವಾರ ಪಂಕ್ ಬ್ಯಾಂಡುಗಳು ನುಡಿಸುತ್ತಿದ್ದವು. ಟಿಕೆಟ್ ಅಗ್ಗ. ಆ ಕಾಲದಲ್ಲಿ ಪಂಕ್ ಕೇಳುವವರಿಗೂ ಮೆಟಲ್ ಕೇಳುವವರಿಗೂ ಎಣ್ಣೆ ಸೀಗೆಕಾಯಿ. ಇಲ್ಲಿ ಮಾತ್ರ ಇಬ್ಬರೂ ಒಂದೇ ಕೋಣೆಯಲ್ಲಿ ಬೆವರಿದರು. ಮರ್ಮೇಡ್ ಇಲ್ಲದಿದ್ದರೆ ಈ ಸಂಗೀತವೂ ಇರುತ್ತಿರಲಿಲ್ಲ ಎಂದು ಯಾರಾದರೂ ಹೇಳಿದರೆ ನಾನು ವಾದ ಮಾಡುವುದಿಲ್ಲ.

ಈಗ ಡ್ರಮ್ಸ್ ವಿಷಯ. ಇದಿಲ್ಲದೆ ಗ್ರೈಂಡ್‌ಕೋರ್ ಅರ್ಥವಾಗುವುದಿಲ್ಲ, ಸ್ವಲ್ಪ ತಾಳ್ಮೆ ಇರಲಿ. ಮಾಮೂಲಿ ರಾಕ್ ಹಾಡಿನಲ್ಲಿ ಕಾಲಿನಿಂದ ಒದೆಯುವ ದೊಡ್ಡ ಡ್ರಮ್ ‘ದುಮ್’ ಎನ್ನುತ್ತದೆ, ಕೈಯಿಂದ ಹೊಡೆಯುವ ಸ್ನೇರ್ ‘ಟಕ್’ ಎನ್ನುತ್ತದೆ. ದುಮ್, ಟಕ್, ದುಮ್, ಟಕ್. ನಾವು ಕಾಲು ಕುಣಿಸುವುದು ಈ ಟಕ್ಕಿಗೆ. ಇದೇ ದುಮ್ಮು ಟಕ್ಕುಗಳನ್ನು ಒಂದರ ಬೆನ್ನಿಗೆ ಒಂದು, ನಡುವೆ ಜಾಗವೇ ಬಿಡದೆ, ಕೈಕಾಲು ಎಷ್ಟು ವೇಗವಾಗಿ ಆಡುತ್ತವೋ ಅಷ್ಟು ವೇಗವಾಗಿ ಹೊಡೆಯಿರಿ. ಜೊತೆಗೆ ಇನ್ನೊಂದು ಕೈ ಸಿಂಬಲ್ ಮೇಲೆ ಓಡುತ್ತಿರಲಿ. ಇದೇ ಬ್ಲಾಸ್ಟ್ ಬೀಟ್. ಒಂದು ಹಂತ ದಾಟಿದ ಮೇಲೆ ಕಿವಿಗೆ ಬಿಡಿ ಹೊಡೆತಗಳು ಸಿಗುವುದಿಲ್ಲ, ಎಲ್ಲ ಕೂಡಿ ಒಂದು ಮೊರೆತವಾಗುತ್ತದೆ. ಆಗ ಒಂದು ವಿಚಿತ್ರ ನಡೆಯುತ್ತದೆ. ಡ್ರಮ್ಸ್ ತಾಳದ ಕೆಲಸ ಬಿಟ್ಟುಕೊಟ್ಟ ಹಾಗೆ ಆಗಿ, ಗಿಟಾರಿನ ಪಟ್ಟು (ತಂತಿಗಳನ್ನು ಒತ್ತಿ ಹಿಡಿಯುವ ಕಾರ್ಡ್) ಬದಲಾಗುವುದನ್ನೇ ಕಿವಿ ತಾಳ ಎಂದು ಹಿಡಿಯುತ್ತದೆ. ಪಟ್ಟು ನಿಧಾನಕ್ಕೆ ಬದಲಾಗುತ್ತಿದ್ದರೆ, ಅತಿ ವೇಗದ ಹಾಡೂ ನಿಧಾನಕ್ಕೆ ತೆವಳುತ್ತಿರುವಂತೆ ಕೇಳುತ್ತದೆ! ಕೇಳಿ ಪಳಗಿದವರು ಇದರಲ್ಲಿ ಸುಖ ಕಾಣುವುದು ಈ ಕಾರಣಕ್ಕೆ.

ಮಿಕ್ ಹ್ಯಾರಿಸ್ ಇದನ್ನು ಶೂನ್ಯದಿಂದ ಕಂಡುಹಿಡಿದವನಲ್ಲ. ಅವನ ಕಿವಿಗೆ ಅಮೆರಿಕದ ಟೇಪುಗಳು ಬಿದ್ದಿದ್ದವು. ಮ್ಯಾಸಚೂಸೆಟ್ಸ್‌ನ ಸೀಜ್ ಎಂಬ ಬ್ಯಾಂಡು 1984ರಲ್ಲೇ ಕ್ಯಾಸೆಟ್ಟಿಗೆ ಇಳಿಸಿದ್ದ ವೇಗ ಯಾರೂ ಅಲ್ಲಿಯವರೆಗೆ ಕೇಳಿರದಂಥದ್ದು. ಮಿಷಿಗನ್‌ನ ಫ್ಲಿಂಟ್ ನಗರದಲ್ಲಿ ರಿಪಲ್ಷನ್ ಎಂಬ ಬ್ಯಾಂಡು 1986ರಲ್ಲಿ ರೆಕಾರ್ಡಿಂಗ್ ಮಾಡಿ, ಕೊಳ್ಳುವವರು ಸಿಗದೆ, ಅದೇ ವರ್ಷ ಮುರಿದುಬಿತ್ತು. ಅದು ಆಲ್ಬಂ ಆಗಿ ಹೊರಬಂದಿದ್ದು 1989ರಲ್ಲಿ, ಅದೂ ಇಂಗ್ಲೆಂಡಿನ ಹುಡುಗರು ಹಟ ಹಿಡಿದಿದ್ದಕ್ಕೆ. ಫ್ಲಿಂಟ್ ಕೂಡ ಕಾರು ಕಾರ್ಖಾನೆಗಳು ಮುಚ್ಚಿ ಬಡವಾಗುತ್ತಿದ್ದ ಊರು. ಬರ್ಮಿಂಗ್‌ಹ್ಯಾಮಿನ ನೆಂಟನೇ ಅನ್ನಿ.

ಫ್ಲಿಂಟಿನ ಟೇಪು ಬರ್ಮಿಂಗ್‌ಹ್ಯಾಮಿಗೆ ಬಂದದ್ದು ಹೇಗೆ? ಅಂಚೆಯಲ್ಲಿ. ಆಗ ಟೇಪ್ ವಿನಿಮಯದ ಒಂದು ದೊಡ್ಡ ಜಾಲವೇ ಇತ್ತು. ನಿನ್ನ ಹತ್ತಿರ ಇರುವುದರ ಪಟ್ಟಿ ಕಳಿಸು, ನನ್ನದು ಕಳಿಸುತ್ತೇನೆ, ಬೇಕಾದ್ದನ್ನು ಕಾಪಿ ಮಾಡಿ ಕಳಿಸೋಣ. ಬ್ರೆಜಿಲ್, ಜಪಾನ್, ಸ್ವೀಡನ್, ಪೋಲೆಂಡ್, ಎಲ್ಲಿಗೂ ಹೋಗುತ್ತಿತ್ತು. ಅಂಚೆ ಖರ್ಚು ಉಳಿಸಲು ಸ್ಟಾಂಪಿನ ಮೇಲೆ ಸೋಪೋ ಗೋಂದೋ ಸವರುತ್ತಿದ್ದರು. ತಲುಪಿದವನು ಅಂಚೆ ಮುದ್ರೆಯನ್ನು ತೊಳೆದು ಸ್ಟಾಂಪನ್ನು ಮತ್ತೆ ಬಳಸುತ್ತಿದ್ದ. ಕಾನೂನಿಗೆ ಒಪ್ಪದ ಕೆಲಸ, ನೀವು ಮಾಡಬೇಡಿ. ಕಾಪಿಯ ಕಾಪಿಯ ಕಾಪಿ ಕೇಳಿ ಬೆಳೆದ ಕಿವಿಗಳವು. ಟೇಪು ಸವೆದಷ್ಟೂ ಗಿಟಾರು ಮಬ್ಬಾಗಿ, ಡ್ರಮ್ಸ್ ಗೊರಗೊರ ಅನ್ನುತ್ತಿತ್ತು. ಗ್ರೈಂಡ್‌ಕೋರಿನ ಆ ಕೆಸರಿನಂಥ ಸದ್ದಿಗೆ ಈ ಸವೆದ ಟೇಪುಗಳ ಪಾಲೂ ಇದೆ ಅಂತ ನನಗೆ ಯಾವಾಗಲೂ ಅನ್ನಿಸುತ್ತದೆ.

ಹೆಸರಿಟ್ಟವನೂ ಹ್ಯಾರಿಸ್. ನ್ಯೂಯಾರ್ಕಿನ ಸ್ವಾನ್ಸ್ ಎಂಬ ಬ್ಯಾಂಡನ್ನು ಕೇಳಿ, ಅರೆಯುವ ಹಾಗಿದೆ, ಇಂಗ್ಲಿಷಿನಲ್ಲಿ ‘ಗ್ರೈಂಡ್’, ಎಂದುಕೊಂಡನಂತೆ. ಆ ಅರೆಯುವುದಕ್ಕೆ, ಪಂಕಿನ ಇನ್ನೂ ಒರಟು ಬಗೆಯಾದ ಹಾರ್ಡ್‌ಕೋರ್‌ನ ‘ಕೋರ್’ ಎಂಬ ಬಾಲ ಅಂಟಿಸಿದ. ಸ್ವಾನ್ಸ್ ಮಾತ್ರ ಆಮೆಯಷ್ಟು ನಿಧಾನದ ಬ್ಯಾಂಡು. ಇದು ನೆನಪಿರಲಿ, ಮುಂದೆ ಬೇಕಾಗುತ್ತದೆ.

1986ರ ಆಗಸ್ಟ್. ಬರ್ಮಿಂಗ್‌ಹ್ಯಾಮಿನ ಒಂದು ಸ್ಟುಡಿಯೊದಲ್ಲಿ ರಾತ್ರಿ ಪಾಳಿಯ ಬಾಡಿಗೆ ಕಮ್ಮಿ. ಬುಲ್ಲನ್, ಬ್ರಾಡ್ರಿಕ್, ಹ್ಯಾರಿಸ್ ಮೂವರೂ 50 ಪೌಂಡು ಹೊಂದಿಸಿಕೊಂಡು ಒಂದೇ ರಾತ್ರಿಯಲ್ಲಿ ಅರ್ಧ ಆಲ್ಬಂ ಮುಗಿಸಿದರು. ಆಮೇಲೆ ಆ ಟೇಪು ಕೆಲಸಕ್ಕೆ ಬಾರದೆ ಕೂತಿತು. ಅಷ್ಟರಲ್ಲಿ ಬುಲ್ಲನ್ ಬಿಟ್ಟ, ಬ್ರಾಡ್ರಿಕ್ ಬಿಟ್ಟ. 1987ರ ಮೇ ತಿಂಗಳಲ್ಲಿ ಇನ್ನರ್ಧ ಮಾಡುವಾಗ ಹ್ಯಾರಿಸ್ ಒಬ್ಬನೇ ಹಳಬ. ಲೀ ಡೊರಿಯನ್ ಹಾಡಿದ, ಬಿಲ್ ಸ್ಟಿಯರ್ ಗಿಟಾರ್ ಹಿಡಿದ, ಜಿಮ್ ವೈಟ್ಲಿ ಬೇಸ್ ನುಡಿಸಿದ. ಎರಡು ಅರ್ಧವನ್ನೂ ಸೇರಿಸಿ ‘ಸ್ಕಮ್’ ಎಂಬ ಆಲ್ಬಂ 1987ರ ಜುಲೈನಲ್ಲಿ ಬಂತು. ಒಂದು ಬದಿಗೊಂದು ಬ್ಯಾಂಡು ಎನ್ನಬಹುದಾದ ರೆಕಾರ್ಡು. ಒಟ್ಟು 28 ಹಾಡು, ಮೂವತ್ತಮೂರು ನಿಮಿಷದ ಆಸುಪಾಸು.

ಸಾಹಿತ್ಯವನ್ನು ಕಾಗದದ ಮೇಲೆ ಓದಬೇಕು, ಕೇಳಿದರೆ ಒಂದಕ್ಷರವೂ ತಿಳಿಯುವುದಿಲ್ಲ. ಓದಿದರೆ ಆಶ್ಚರ್ಯವಾಗುತ್ತದೆ. ಮೊದಲ ಹಾಡೇ ಬಹುರಾಷ್ಟ್ರೀಯ ಕಂಪನಿಗಳ ಮೇಲೆ. ಉಳಿದವುಗಳಲ್ಲೂ ಹಲವು ನಮ್ಮನ್ನು ಹಿಡಿದಿಟ್ಟಿರುವ ವ್ಯವಸ್ಥೆಯ ಮೇಲೆ. ಕವರಿನ ಚಿತ್ರ ಬರೆದವನು ಜೆಫ್ ವಾಕರ್, ಅವನ ಹೆಸರು ಮತ್ತೆ ಬರುತ್ತದೆ. ಸೂಟು ಹಾಕಿದ ದೊಡ್ಡ ಮನುಷ್ಯರು, ಹಸಿದ ಜನ, ಕೆಳಗೆ ತಲೆಬುರುಡೆಗಳ ರಾಶಿ, ನಡುನಡುವೆ ದೊಡ್ಡ ದೊಡ್ಡ ಕಂಪನಿಗಳ ಲೋಗೊಗಳು. ಬೇರೆ ಮೆಟಲ್ ಬ್ಯಾಂಡುಗಳು ತಲೆಬುರುಡೆ ಬರೆದಾಗ ಅದು ಯಾರ ತಲೆ ಎಂದು ಕೇಳುವಂತಿರಲಿಲ್ಲ. ಇಲ್ಲಿ ಅದಕ್ಕೆ ಲೆಕ್ಕ ಇತ್ತು.

ಇಷ್ಟು ಚಿಕ್ಕ ಹಾಡು ಯಾಕೆ ಅಂತ ಕೇಳುವವರಿಗೆ ನಾನು ಸರ್ವಜ್ಞನನ್ನು ನೆನಪಿಸುತ್ತೇನೆ. ತ್ರಿಪದಿ ಯಾಕೆ ಮೂರೇ ಸಾಲು ಎಂದು ನಾವು ದೂರುವುದಿಲ್ಲ ಅಲ್ವಾ? ಹೇಳಬೇಕಾದ್ದು ಹೇಳಿ ಆಯಿತು, ಎದ್ದು ಹೋದ. ಡ್ರಮ್ಮರ್‌ನ ತೋಳು ಆ ವೇಗದಲ್ಲಿ ಬಹಳ ಹೊತ್ತು ತಾಳುತ್ತಿರಲಿಲ್ಲ ಎನ್ನುವುದೂ ನಿಜವೇ.

ಆ ಕೂಗಿನ ಬಗ್ಗೆಯೂ ಹೇಳಿಬಿಡುತ್ತೇನೆ, ಎಲ್ಲರೂ ಕೇಳುವ ಪ್ರಶ್ನೆ ಅದು. ಗಂಟಲು ಹರಿದುಹೋಗುವುದಿಲ್ಲವೇ? ಗೊತ್ತಿಲ್ಲದೆ ಕಿರುಚಿದರೆ ಹರಿಯುತ್ತದೆ. ಪಳಗಿದವರು ಹೊಟ್ಟೆಯಿಂದ ಉಸಿರು ತಳ್ಳಿ, ಧ್ವನಿತಂತುವಿನ ಮೇಲಿರುವ ಇನ್ನೊಂದು ಜೊತೆ ಮಡಿಕೆಗಳನ್ನು ಅದುರಿಸುತ್ತಾರೆ. ಗ್ರೈಂಡ್‌ಕೋರಿನಲ್ಲಿ ಸಾಮಾನ್ಯವಾಗಿ ಎರಡು ದನಿ. ಒಂದು ಪಾತಾಳದಿಂದ ಗೊಗ್ಗರಿಸುತ್ತದೆ, ಇನ್ನೊಂದು ಚೀರುತ್ತದೆ.

‘ಸ್ಕಮ್’ ತಂದ ಕಂಪನಿ ಇಯರೇಕ್. ನಾಟಿಂಗ್‌ಹ್ಯಾಮಿನಲ್ಲಿ ಡಿಗ್ಬಿ ಪಿಯರ್ಸನ್ ಎಂಬ ಯುವಕ ತನ್ನ ಮನೆಯಿಂದಲೇ ನಡೆಸುತ್ತಿದ್ದ. ಅವನಿಗೆ ಆಸರೆಯಾಗಿದ್ದು ಥ್ಯಾಚರ್ ಸರ್ಕಾರದ್ದೇ ಒಂದು ಯೋಜನೆ. ನಿರುದ್ಯೋಗಿಗಳು ಸ್ವಂತ ವ್ಯಾಪಾರ ಶುರು ಮಾಡಿದರೆ ವಾರಕ್ಕೆ 40 ಪೌಂಡು ಕೊಡುತ್ತಿದ್ದರು. ಥ್ಯಾಚರ್‌ಗೆ ಬೈಯುವ ರೆಕಾರ್ಡುಗಳಿಗೆ ಥ್ಯಾಚರ್ ಖಜಾನೆಯಿಂದಲೇ ಭತ್ಯೆ. ಇದಕ್ಕಿಂತ ಚಂದದ ವ್ಯಂಗ್ಯ ಬೇಕಾ?

ಆದರೂ ಇಷ್ಟೇ ಆಗಿದ್ದರೆ ಇದು ಒಂದು ಪಬ್ಬಿನ ಮಹಡಿಯಲ್ಲೇ ಮುಗಿಯುತ್ತಿತ್ತು. ದೇಶಕ್ಕೆ ತಲುಪಿಸಿದವರು ಜಾನ್ ಪೀಲ್. ಬಿಬಿಸಿಯ ರೇಡಿಯೊ 1ರಲ್ಲಿ 1967ರಿಂದ ರಾತ್ರಿ ಹೊತ್ತಿನ ಕಾರ್ಯಕ್ರಮ ನಡೆಸುತ್ತಿದ್ದವರು. ಆಗ ಅವರಿಗೆ ಐವತ್ತರ ಹತ್ತಿರ. ‘ಸ್ಕಮ್’ ಕೇಳಿ ಅವರಿಗೆ ಮಗುವಿನಷ್ಟು ಖುಷಿಯಾಯಿತು. ಹಾಕಿದ್ದೇ ಹಾಕಿದ್ದು. 1987ರ ಸೆಪ್ಟೆಂಬರಿನಲ್ಲಿ ಬ್ಯಾಂಡನ್ನು ಬಿಬಿಸಿ ಸ್ಟುಡಿಯೊಗೇ ಕರೆಸಿದರು. ಹುಡುಗರು ಒಂದು ಡಜನ್ ಹಾಡನ್ನು ಆರು ನಿಮಿಷದೊಳಗೆ ನುಡಿಸಿ ಕೆಳಗಿಟ್ಟರು. ಸಾರ್ವಜನಿಕರ ಹಣದಲ್ಲಿ ನಡೆಯುವ ರೇಡಿಯೊದಲ್ಲಿ, ಜಾಹೀರಾತಿನ ಹಂಗಿಲ್ಲದ ಒಬ್ಬ ಮನುಷ್ಯ, ತನಗೆ ಇಷ್ಟವಾಯಿತು ಎಂಬ ಒಂದೇ ಕಾರಣಕ್ಕೆ ಹೀಗೆ ಮಾಡಬಹುದಾಗಿತ್ತು. ಈಗ ಯಾವ ಆ್ಯಪ್‌ನ ಲೆಕ್ಕಾಚಾರವೂ ಒಂದು ಸೆಕೆಂಡಿನ ಹಾಡನ್ನು ಯಾರ ಮುಂದೂ ತಂದಿಡುವುದಿಲ್ಲ. ಮರುವರ್ಷ ನೇಪಾಮ್ ಡೆತ್‌ನ ಎರಡನೇ ಆಲ್ಬಂ ಬ್ರಿಟನ್ನಿನ ಇಂಡೀ ಪಟ್ಟಿಯಲ್ಲಿ, ಅಂದರೆ ದೊಡ್ಡ ಕಂಪನಿಗಳ ಹಂಗಿಲ್ಲದ ರೆಕಾರ್ಡುಗಳ ಪಟ್ಟಿಯಲ್ಲಿ, ಮೊದಲ ಸ್ಥಾನಕ್ಕೆ ಹೋಯಿತು.

ಅದೇ 1988ರಲ್ಲಿ ಲಿವರ್‌ಪೂಲಿನ ಕಾರ್ಕಸ್ ಬ್ಯಾಂಡಿನ ಮೊದಲ ಆಲ್ಬಂ ಬಂತು. ಬಿಲ್ ಸ್ಟಿಯರ್ ಇಲ್ಲೂ ಗಿಟಾರಿಸ್ಟ್. ಆಗ ಎರಡೂ ಬ್ಯಾಂಡಿನಲ್ಲಿದ್ದ. ಬೇಸ್ ಮತ್ತು ಹಾಡು ಜೆಫ್ ವಾಕರ್, ಡ್ರಮ್ಸ್ ಕೆನ್ ಓವನ್. ಆ ವರ್ಷದ ತನ್ನ ಮೆಚ್ಚಿನ ಆಲ್ಬಂ ಇದು ಎಂದು ಪೀಲ್ ಪತ್ರಿಕೆಯಲ್ಲಿ ಹೇಳಿದರು. ಕವರಿನ ತುಂಬ ಶವಪರೀಕ್ಷೆಯ ಫೋಟೊಗಳ ತುಣುಕು, ಊಟಕ್ಕೆ ಮುಂಚೆ ನೋಡುವಂಥದ್ದಲ್ಲ. ಸಾಹಿತ್ಯ ಬರೆದದ್ದು ವೈದ್ಯಕೀಯ ನಿಘಂಟು ಪಕ್ಕದಲ್ಲಿಟ್ಟುಕೊಂಡು. ಕೀವು, ಕೊಳೆತ, ಕರುಳು, ಎಲ್ಲವೂ ಡಾಕ್ಟರ ಭಾಷೆಯಲ್ಲಿ. ತಮಾಷೆ ಏನೆಂದರೆ, ಈ ಹುಡುಗರು ಸಸ್ಯಾಹಾರಿಗಳು. ತಟ್ಟೆಯಲ್ಲಿರುವ ಮಾಂಸಕ್ಕೂ ನಿನ್ನ ಮೈಯಲ್ಲಿರುವುದಕ್ಕೂ ಏನು ವ್ಯತ್ಯಾಸ ಎಂಬ ಪ್ರಶ್ನೆ ಆ ಹೇಸಿಗೆಯ ಒಳಗೆ ಇದೆ. ಇಲ್ಲಿಂದ ಗೋರ್‌ಗ್ರೈಂಡ್ ಎಂಬ ಒಳಕವಲು ಹೊರಟಿತು. ಕಾರ್ಕಸ್ ಮಾತ್ರ ಅಲ್ಲಿ ನಿಲ್ಲಲಿಲ್ಲ. 1993ರ ‘ಹಾರ್ಟ್‌ವರ್ಕ್’ ಹೊತ್ತಿಗೆ ಅವರ ಗಿಟಾರಿನಲ್ಲಿ ರಾಗ ಬಂದಿತ್ತು, ಗುನುಗುವಷ್ಟು ಚೆನ್ನಾಗಿ.

ಈಗ ಆಮೆಯ ವಿಷಯಕ್ಕೆ ಬರೋಣ. ‘ಸ್ಕಮ್’ ಮಾಡಿದವರಲ್ಲಿ ಹೆಚ್ಚಿನವರು ಮುಂದೆ ಏನು ಮಾಡಿದರು ನೋಡಿ. ಬ್ರಾಡ್ರಿಕ್ ಗಾಡ್‌ಫ್ಲೆಶ್ ಕಟ್ಟಿದ. ಡ್ರಮ್ ಮಷಿನ್ ಇಟ್ಟುಕೊಂಡು, ಕಾರ್ಖಾನೆಯ ಸುತ್ತಿಗೆ ಬೀಳುವ ಹಾಗೆ ನಿಧಾನ, ಭಾರ. ಲೀ ಡೊರಿಯನ್ 1989ರಲ್ಲಿ ಬಿಟ್ಟು ಕೆಥೀಡ್ರಲ್ ಕಟ್ಟಿದ. ಅವರ ಮೊದಲ ಆಲ್ಬಂ ಆ ಕಾಲದ ಅತಿ ನಿಧಾನದ ಮೆಟಲ್‌ಗಳಲ್ಲಿ ಒಂದು. ಬ್ಲಾಸ್ಟ್ ಬೀಟಿನ ಹ್ಯಾರಿಸ್ ಕೂಡ 1991ರಲ್ಲಿ ಬಿಟ್ಟು, ಹಳೆಯ ಗೆಳೆಯ ಬುಲ್ಲನ್ ಜೊತೆ ಸ್ಕಾರ್ನ್ ಶುರು ಮಾಡಿದ. ಅದು ಜಮೈಕಾ ಮೂಲದ ಡಬ್ ಸಂಗೀತದ ಮಬ್ಬಿನಲ್ಲಿ ತೂಗಾಡುವ ನಿಧಾನ. ಜಗತ್ತಿನಲ್ಲೇ ಅತಿ ವೇಗವಾಗಿ ನುಡಿಸಿದವರು ಒಬ್ಬೊಬ್ಬರಾಗಿ ನಿಧಾನಕ್ಕೆ ಹೋದರು. ವೇಗ ಅವರಿಗೆ ಗುರಿಯಾಗಿರಲಿಲ್ಲ ಎನ್ನುವುದಕ್ಕೆ ಇದಕ್ಕಿಂತ ಸಾಕ್ಷಿ ಬೇಡ. ಕೇಳುವವನ ಮೈಮೇಲೆ ಸದ್ದನ್ನು ಹೇರುವುದು ಗುರಿ, ಅದಕ್ಕೆ ವೇಗವೂ ಆಗುತ್ತದೆ ನಿಧಾನವೂ ಆಗುತ್ತದೆ. ಈ ಸೂಕ್ಷ್ಮ ಮರೆತು ಬರೀ ವೇಗದ ಪಂದ್ಯಕ್ಕೆ ಬಿದ್ದವರು ಆಮೇಲೆ ಬಹಳ ಜನ ಬಂದರು.

ಇಷ್ಟು ಜನ ಬಿಟ್ಟರೂ ನೇಪಾಮ್ ಡೆತ್ ಮುರಿಯಲಿಲ್ಲ. 1987ರಲ್ಲಿ ಸೇರಿದ ಬೇಸಿಸ್ಟ್ ಶೇನ್ ಎಂಬರಿ ಅದನ್ನು ಹಿಡಿದು ನಿಂತರು. 1989ರಲ್ಲಿ ಬಾರ್ನಿ ಗ್ರೀನ್‌ವೇ ಹಾಡಲು ಬಂದರು. ಮುಂದಿನ ಆಲ್ಬಂಗೆ ಫ್ಲಾರಿಡಾದ ಟ್ಯಾಂಪಾಕ್ಕೆ, ಮಾರಿಸೌಂಡ್ ಸ್ಟುಡಿಯೊಗೆ ಹೋದರು. ಅದು ಮೆಟಲ್‌ನ ಇನ್ನೊಂದು ಉಗ್ರ ಕವಲಾದ ಡೆತ್ ಮೆಟಲ್‌ನ ಕಾಶಿ. ಅದೇ ಸ್ಟುಡಿಯೊದಲ್ಲಿ 1989ರಲ್ಲಿ ಲಾಸ್ ಏಂಜಲೀಸಿನ ಟೆರರೈಸರ್ ಬ್ಯಾಂಡಿನ ಆಲ್ಬಂ ಆಗಿತ್ತು. ಬ್ಯಾಂಡು ಆಗಲೇ ಚದುರಿತ್ತು, ಈ ಒಂದು ರೆಕಾರ್ಡಿಗಾಗಿ ಮತ್ತೆ ಸೇರಿದ್ದರು. ಡ್ರಮ್ಮರ್ ಪೀಟ್ ಸ್ಯಾಂಡೊವಲ್ ಎಲ್ ಸಾಲ್ವಡಾರ್‌ನಲ್ಲಿ ಹುಟ್ಟಿದವರು, ಗಿಟಾರಿಸ್ಟ್ ಜೆಸ್ಸಿ ಪಿಂಟಾಡೊ ಮೆಕ್ಸಿಕೊದವರು. ಸ್ಯಾಂಡೊವಲ್ ಕೈಯಲ್ಲಿ ಬ್ಲಾಸ್ಟ್ ಬೀಟ್ ಮೊದಲ ಸಲ ಗಡಿಯಾರದಷ್ಟು ಸ್ವಚ್ಛವಾಯಿತು. ಹ್ಯಾರಿಸ್‌ನದು ಬೆಟ್ಟದಿಂದ ಉರುಳುವ ಬಂಡೆ, ಇದು ಅಳತೆ ಮಾಡಿ ಹೊಡೆದ ಮೊಳೆ. ನನಗೆ ಬಂಡೆಯೇ ಇಷ್ಟ, ಆದರೆ ಮೊಳೆಯ ಬೆಲೆ ಗೊತ್ತಿದೆ. ಪಿಂಟಾಡೊ ಆಮೇಲೆ ನೇಪಾಮ್ ಡೆತ್ ಸೇರಿದರು, 2006ರಲ್ಲಿ ತೀರಿಕೊಂಡರು.

ತೊಂಬತ್ತರ ದಶಕದಲ್ಲಿ ದುಡ್ಡೂ ಮೂಸಿ ನೋಡಿತು. 1993ರಲ್ಲಿ ಇಯರೇಕ್ ಕಂಪನಿಗೆ ಅಮೆರಿಕದ ದೊಡ್ಡ ರೆಕಾರ್ಡ್ ಕಂಪನಿ ಕೊಲಂಬಿಯಾ ಜೊತೆ ಒಪ್ಪಂದವಾಯಿತು. ಮೊದಲ ಹಾಡಿನಲ್ಲೇ ಬಹುರಾಷ್ಟ್ರೀಯ ಕಂಪನಿಗಳಿಗೆ ಬೈದವರ ರೆಕಾರ್ಡನ್ನು ಬಹುರಾಷ್ಟ್ರೀಯ ಕಂಪನಿಯೇ ಮಾರಿತು. 1995ರ ‘ಮಾರ್ಟಲ್ ಕೊಂಬ್ಯಾಟ್’ ಸಿನಿಮಾದ ಹಾಡುಗಳ ಆಲ್ಬಂನಲ್ಲಿ ನೇಪಾಮ್ ಡೆತ್‌ನ ಒಂದು ಹಾಡು ಸೇರಿ, ಆ ಆಲ್ಬಂ ಅಮೆರಿಕದಲ್ಲಿ ಪ್ಲಾಟಿನಂ ಆಯಿತು, ಅಂದರೆ ಹತ್ತು ಲಕ್ಷ ಪ್ರತಿಯ ಲೆಕ್ಕ ಮುಟ್ಟಿತು. ಕೊಲಂಬಿಯಾ ನಂಟು ಬಹಳ ದಿನ ಬಾಳಲಿಲ್ಲ. ಇದಕ್ಕೂ ಮುಂಚೆ, 1992ರಲ್ಲಿ ಬ್ರಿಟನ್ನಿನ ಸಂಗೀತ ಪ್ರಶಸ್ತಿಯಾದ ಬ್ರಿಟ್ ಸಮಾರಂಭದಲ್ಲಿ ಕೆಎಲ್‌ಎಫ್ ಎಂಬ ಡಾನ್ಸ್ ಸಂಗೀತದ ಜೋಡಿ ಎಕ್ಸ್‌ಟ್ರೀಮ್ ನಾಯ್ಸ್ ಟೆರರ್ ಎಂಬ ಗ್ರೈಂಡ್ ಬ್ಯಾಂಡನ್ನು ವೇದಿಕೆಗೆ ಕರೆತಂದಿತು. ಸೂಟುಬೂಟಿನ ಸಭಿಕರ ಮೇಲೆ ಖಾಲಿ ತೋಟಾ ಹಾರಿಸಿದರು. ಪ್ರಾಣಿಯ ರಕ್ತವನ್ನೂ ಎರಚುವ ಯೋಚನೆ ಇತ್ತು. ಬೇಡವೇ ಬೇಡ ಎಂದವರು ಗ್ರೈಂಡ್ ಬ್ಯಾಂಡಿನವರು. ಅವರೂ ಸಸ್ಯಾಹಾರಿಗಳೇ!

ವಿಳಾಸ ತಪ್ಪಿದ್ದರ ಬಗ್ಗೆ ಹೇಳದೆ ಹೋದರೆ ಮೋಸವಾಗುತ್ತದೆ. ಕಾರ್ಕಸ್ ತೋರಿಸಿದ ಹೇಸಿಗೆಯನ್ನು ಮಾತ್ರ ಎತ್ತಿಕೊಂಡು, ಪ್ರಶ್ನೆಯನ್ನು ಬಿಟ್ಟವರು ರಾಶಿ ರಾಶಿ ಬಂದರು. ಅದರಲ್ಲಿ ಒಂದು ಗುಂಪು ಹೆಣ್ಣಿನ ಮೇಲಿನ ಹಿಂಸೆಯನ್ನೇ ಹಾಡಿನ ವಸ್ತು ಮಾಡಿಕೊಂಡಿತು. ತಮಾಷೆ ಕಣ್ರೀ ಅನ್ನುತ್ತಾರೆ. ನನಗೆ ಅದು ತಮಾಷೆಯಾಗಿ ಕಂಡಿಲ್ಲ. ಮೇಲಿದ್ದವರಿಗೆ ಬೈಯಲು ಹುಟ್ಟಿದ ದನಿ ಕೆಳಗಿದ್ದವರನ್ನು ತುಳಿಯುವುದಕ್ಕೆ ತಿರುಗಿದರೆ ಅದರಲ್ಲಿ ಉಳಿಯುವುದು ಏನು? ಇನ್ನೊಂದು ದಾರಿ ಅಷ್ಟು ಕೆಟ್ಟದ್ದಲ್ಲ, ಸುಮ್ನೆ ಹುಚ್ಚಾಟದ್ದು. ಅಮೆರಿಕದ ಅಗೋರಾಫೋಬಿಕ್ ನೋಸ್‌ಬ್ಲೀಡ್ ಎಂಬ ಬ್ಯಾಂಡು ಡ್ರಮ್ ಮಷಿನ್ ಇಟ್ಟುಕೊಂಡು 2003ರಲ್ಲಿ ಸುಮಾರು ನೂರು ಹಾಡನ್ನು ಇಪ್ಪತ್ತು ನಿಮಿಷದ ಆಸುಪಾಸಿನಲ್ಲಿ ತುಂಬಿ ಪುಟ್ಟ ಸಿಡಿ ಮಾಡಿತು. ಒಮ್ಮೆ ಕೇಳಲು ಮಜಾ ಇದೆ. ಬೆವರುವ ಮನುಷ್ಯ ಇಲ್ಲದಿದ್ದರೆ ವೇಗಕ್ಕೆ ಅರ್ಥವಿಲ್ಲ ಎನ್ನುವುದೂ ಆಗ ತಿಳಿಯುತ್ತದೆ.

ಸ್ವೀಡನ್ನಿನ ಒರೆಬ್ರೊ ಊರಿನ ನಾಸುಮ್ ಈ ವಂಶದ ಒಳ್ಳೆಯ ಮಗು. ರಾಜಕೀಯವೂ ಇತ್ತು, ಕಿವಿಗೆ ಕಚ್ಚುವ ಗಿಟಾರೂ ಇತ್ತು. ಅವರ ಹಾಡುಗಾರ ಮಿಯೆಷ್ಕೊ ತಲಾರ್ಚಿಕ್ 2004ರ ಡಿಸೆಂಬರ್ 26ರಂದು ಥಾಯ್ಲೆಂಡಿನ ಫಿ ಫಿ ದ್ವೀಪದಲ್ಲಿ ಸುನಾಮಿಗೆ ಬಲಿಯಾದರು. ನಮ್ಮ ಕರಾವಳಿಗಳನ್ನೂ ಕಾಡಿದ ಅದೇ ಸುನಾಮಿ. ಬ್ಯಾಂಡು ಅಲ್ಲಿಗೆ ನಿಂತಿತು. ಉಳಿದವರು 2012ರಲ್ಲಿ ಒಂದು ವಿದಾಯದ ಪ್ರವಾಸ ಮಾಡಿದರು, ಅಷ್ಟೇ.

ಏಷ್ಯಾದ ಕಡೆ ಬಂದರೆ ಸಿಂಗಪುರದ ವರ್ಮ್‌ರಾಟ್. 2007ರಲ್ಲಿ ಶುರುವಾದ ಮೂರು ಜನರ ಬ್ಯಾಂಡು, ಬೇಸ್ ಗಿಟಾರೇ ಇಲ್ಲ. ಇಯರೇಕ್ ಇವರ ರೆಕಾರ್ಡುಗಳನ್ನು ತಂದಿತು. 2017ರಲ್ಲಿ ಇಂಗ್ಲೆಂಡಿನ ಗ್ಲಾಸ್ಟನ್‌ಬರಿ ಉತ್ಸವದಲ್ಲಿ ನುಡಿಸಿದರು. ನಮ್ಮ ಬೆಂಗಳೂರಿನಲ್ಲೂ ಮೆಟಲ್‌ಗೆ ತೊಂಬತ್ತರ ದಶಕದಿಂದಲೇ ಬೇರು ಇದೆ. ಡೈಯಿಂಗ್ ಎಂಬ್ರೇಸ್, ಕ್ರಿಪ್ಟೋಸ್ ಹಳೆಯ ಹೆಸರುಗಳು. 2007ರಲ್ಲಿ ಇಂಗ್ಲೆಂಡಿನ ಹೆಸರಾಂತ ಮೆಟಲ್ ಬ್ಯಾಂಡು ಐರನ್ ಮೇಡನ್ ಅರಮನೆ ಮೈದಾನಕ್ಕೆ ಬಂದಾಗ ಎಷ್ಟೋ ಊರಿನಿಂದ ಹುಡುಗರು ರೈಲು ಹತ್ತಿ ಬಂದಿದ್ದರು. ಗ್ರೈಂಡ್ ಮಾತ್ರ ಇಲ್ಲಿ ಚಿಕ್ಕ ಕುಟುಂಬ. ಗೋರಿಫೈಡ್ ಎಂಬ ಬೆಂಗಳೂರಿನ ಬ್ಯಾಂಡು ಕಾರ್ಕಸ್ ದಾರಿಯ ಗೋರ್‌ಗ್ರೈಂಡ್ ನುಡಿಸಿದೆ. ಕಾರ್ಖಾನೆ ಮುಚ್ಚಿದ ಊರಿನ ಸಿಟ್ಟು ನಮ್ಮಲ್ಲೂ ಇದೆ. ಅದಕ್ಕೆ ಕನ್ನಡದಲ್ಲಿ ಒಬ್ಬರೂ ಹೀಗೆ ಗಂಟಲು ಕೊಟ್ಟಿದ್ದನ್ನು ನಾನಿನ್ನೂ ಕೇಳಿಲ್ಲ. ಇಲ್ಲಿ ಕೂತಿರುವ ಹುಡುಗ ಹುಡುಗಿಯರು ಕಿವಿ ನಿಮಿರಿಸಿದರೆ ಸಂತೋಷ.

ನೇಪಾಮ್ ಡೆತ್ ಈಗಲೂ ಇದೆ. ‘ಸ್ಕಮ್’ನಲ್ಲಿ ನುಡಿಸಿದ ಒಬ್ಬರೂ ಅದರಲ್ಲಿಲ್ಲ. 2013ರಲ್ಲಿ ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂನಲ್ಲಿ ಅವರದೊಂದು ಕಾರ್ಯಕ್ರಮ ನಿಗದಿಯಾಗಿತ್ತು. ಕೀತ್ ಹ್ಯಾರಿಸನ್ ಎಂಬ ಕಲಾವಿದ ಸೆರಾಮಿಕ್ ಕೆಲಸದ ಸ್ಪೀಕರುಗಳನ್ನು ಮಾಡಿ, ಬ್ಯಾಂಡಿನ ಸದ್ದಿಗೆ ಅವು ಒಡೆಯುತ್ತವಾ ನೋಡೋಣ ಎಂದಿದ್ದರು. ಕೊನೇ ಗಳಿಗೆಯಲ್ಲಿ ಮ್ಯೂಸಿಯಂನವರು ರದ್ದು ಮಾಡಿದರು. ಸದ್ದಿಗೆ ಹಳೆಯ ಕಟ್ಟಡಕ್ಕೇ ಪೆಟ್ಟಾದೀತು ಎಂಬ ಭಯ! ಅದೇ ವರ್ಷ ಬೆಕ್ಸ್‌ಹಿಲ್ ಎಂಬ ಸಮುದ್ರತೀರದ ಊರಿನಲ್ಲಿ ಆ ಕಾರ್ಯಕ್ರಮ ನಡೆಯಿತು.

ನನಗೆ ಇದಕ್ಕಿಂತ ಹೆಚ್ಚು ನೆನಪಲ್ಲಿ ಉಳಿದಿರುವುದು 2015ರ ಒಂದು ಪತ್ರ. ಇಂಡೊನೇಷ್ಯಾದ ಆಗಿನ ಅಧ್ಯಕ್ಷ ಜೋಕೊ ವಿಡೊಡೊ ಮೆಟಲ್ ಅಭಿಮಾನಿ. ನೇಪಾಮ್ ಡೆತ್ ಟೀ ಶರ್ಟು ಹಾಕಿದ ಅವರ ಫೋಟೊ ಎಲ್ಲ ಕಡೆ ಓಡಾಡಿತ್ತು. ಆಗ ಅಲ್ಲಿ ಮಾದಕ ವಸ್ತು ಸಾಗಣೆಗಾಗಿ ಇಬ್ಬರು ಆಸ್ಟ್ರೇಲಿಯನ್ನರು ಮರಣದಂಡನೆಯ ಸಾಲಿನಲ್ಲಿದ್ದರು. ಬಾರ್ನಿ ಗ್ರೀನ್‌ವೇ ಅಧ್ಯಕ್ಷರಿಗೆ ಪತ್ರ ಬರೆದು, ನಮ್ಮ ಹಾಡು ಕೇಳುವವರು ನೀವು, ಜೀವ ತೆಗೆಯಬೇಡಿ ಎಂಬ ಅರ್ಥದಲ್ಲಿ ಬೇಡಿಕೊಂಡರು. ಫಲ ಸಿಗಲಿಲ್ಲ, ಏಪ್ರಿಲಿನಲ್ಲಿ ಇಬ್ಬರಿಗೂ ಗುಂಡು ಹೊಡೆದರು. ಆದರೂ ಯೋಚಿಸಿ. ಅಭಿಮಾನಿ ಅಧ್ಯಕ್ಷನಾಗಿದ್ದಾನೆ ಎಂದರೆ ಬೇರೆ ಬ್ಯಾಂಡಿನವರು ಅರಮನೆಗೆ ಹೋಗಿ ಫೋಟೊ ತೆಗೆಸಿಕೊಳ್ಳುತ್ತಿದ್ದರು.

ಮಾತು ಮುಗಿದ ಮೇಲೆ ಸಭೆಯಲ್ಲಿ ಹಿರಿಯರೊಬ್ಬರು ಎದ್ದು ನಿಂತು ಕೇಳಿದರು: “ಇದೆಲ್ಲ ಸರಿ ಸ್ವಾಮಿ, ಕೇಳೋದು ಎಲ್ಲಿಂದ ಶುರು ಮಾಡಬೇಕು?” ನಾನು ಹೇಳಿದ್ದು ಇಷ್ಟು. ‘ಸ್ಕಮ್’ ಮೊದಲಿಗೇ ಹಾಕಬೇಡಿ, ಓಡಿಹೋಗುತ್ತೀರಿ. ಕಾರ್ಕಸ್‌ನ ‘ಹಾರ್ಟ್‌ವರ್ಕ್’ನಿಂದ ಒಳಗೆ ಬನ್ನಿ, ಅದರಲ್ಲಿ ಹಿಡಿದುಕೊಳ್ಳಲು ರಾಗ ಇದೆ. ಆಮೇಲೆ ಟೆರರೈಸರ್. ಆಮೇಲೆ ‘ಸ್ಕಮ್’ನ ಮೊದಲ ಬದಿ, ಸಾಹಿತ್ಯವನ್ನು ಮುಂದಿಟ್ಟುಕೊಂಡು, ಸೌಂಡು ಕಮ್ಮಿ ಇಟ್ಟು. ಡ್ರಮ್ಸ್ ಹಿಂದೆ ಓಡಬೇಡಿ, ಗಿಟಾರ್ ಪಟ್ಟು ಬದಲಾಗುವುದಕ್ಕೆ ಕಿವಿ ಕೊಡಿ. “ಮನೆಯವರು ಬೈದರೆ?” ಅಂದರು. ಹೆಡ್‌ಫೋನ್ ಹಾಕಿಕೊಳ್ಳಿ ಸಾರ್, ಎಲ್ಲ ಸೇರಿ ಎರಡು ಗಂಟೆಯೊಳಗಿನ ಮಾತು.